ಬಾಡಿಗೆಯ ಸೂರು, ತವರಿನ ನಿವೇಶನ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಕುವೈತಿನ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೊಂದು ತೊಡಕುಂಟು: ದುಡಿಯುವ ನೆಲ ಒಂದು, ಮನೆ ಕೊಳ್ಳುವ ನೆಲ ಮತ್ತೊಂದು. ಇದಕ್ಕೊಂದು ಇತಿಹಾಸವಿದೆ.

ಹಳೆಯ ಕುವೈತ್ ಪಟ್ಟಣವು 1920ರಲ್ಲಿ ಕಟ್ಟಿದ ಮಣ್ಣಿನ ಗೋಡೆಯೊಳಗೆ ಅಡಕವಾಗಿತ್ತು. ಅಲ್ಲಿನ ಮನೆಗಳ ಮಾಳಿಗೆಗೆ ಪೂರ್ವ ಆಫ್ರಿಕದ ಮರದ ಗಳುಗಳು, ಹಡಗುಗಳಿಗೆ ಮಲಬಾರಿನ ತೇಗ ಬರುತ್ತಿದ್ದವು. 1961ರವರೆಗೆ ಇಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ. ತೈಲದ ಸಂಪತ್ತು ಬಂದಾಗ ಸರಕಾರವು ಹಳೆಯ ಪಟ್ಟಣದ ಜಾಗಗಳನ್ನು ಧಾರಾಳ ಬೆಲೆಗೆ ಕೊಂಡು, ನಾಗರಿಕರಿಗೆ ಹೊಸ ಬಡಾವಣೆಗಳಲ್ಲಿ ನೆಲೆ ಒದಗಿಸಿತು. 1957ರಲ್ಲಿ ಗೋಡೆಯನ್ನು ಕೆಡವಲಾಯಿತು. ಆದರೆ ಸ್ಥಿರಾಸ್ತಿಯ ಬಾಗಿಲು ನಮ್ಮಂಥವರಿಗೆ ತೆರೆಯಲಿಲ್ಲ. ಕುವೈತೇತರರ ಒಡೆತನವನ್ನು 1979ರ 74ನೆಯ ಕಾನೂನು ಬಿಗಿಯಾಗಿ ನಿರ್ಬಂಧಿಸಿತು. ಸಾಲ್ಮಿಯಾ, ಅಬ್ಬಾಸಿಯಾಗಳಲ್ಲಿ ನಾವು ಬಾಡಿಗೆದಾರರಾಗಿಯೇ ಉಳಿದೆವು.

ಆದುದರಿಂದ ದೃಷ್ಟಿ ತವರಿನತ್ತ ಹೊರಳಿತು. ಬೆಂಗಳೂರಿನಲ್ಲಿ ಬಡಾವಣೆಗಳ ಚರಿತ್ರೆಗೆ ರೋಗದ ನಂಟಿರುವುದು ವೈದ್ಯರಾದ ನಮಗೆ ಕುತೂಹಲದ ಸಂಗತಿ. 1898ರ ಪ್ಲೇಗ್ ಪೇಟೆಯ ಇಕ್ಕಟ್ಟಿನ ಅಪಾಯವನ್ನು ತೋರಿಸಿದ ಬಳಿಕ ಬಸವನಗುಡಿ, ಮಲ್ಲೇಶ್ವರಗಳು ವಿಶಾಲ ಬೀದಿಗಳೊಡನೆ ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ಮಂಡಳಿಯೂ, 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಬಂದವು. ‘ಸೈಟು’ ಮಧ್ಯಮವರ್ಗದ ಕನಸಾಯಿತು.

1990ರ ಆಗಸ್ಟ್ 2ರಂದು ಆ ಕನಸಿನ ಬೆಲೆ ಅರಿವಾಯಿತು. ಇರಾಕಿನ ಆಕ್ರಮಣದಿಂದ ಬ್ಯಾಂಕಿನ ಉಳಿತಾಯ ಕೈಗೆಟುಕದಾಯಿತು. ಒಂದು ಲಕ್ಷಕ್ಕೂ ಮಿಕ್ಕಿ ಭಾರತೀಯರು ಅಮ್ಮಾನಿನ ಮೂಲಕ ವಿಮಾನವೇರಿ ಮರಳಿದರು. ಊರಿನಲ್ಲಿ ಸ್ವಂತ ಸೂರಿದ್ದವರಿಗೆ ಇಳಿಯಲೊಂದು ನೆಲೆಯಿತ್ತು. ಇಲ್ಲದವರು ನೆಂಟರ ಆಸರೆ ಅರಸಬೇಕಾಯಿತು.

ಆದರೆ ದೂರದಿಂದ ಕೊಳ್ಳುವವನಿಗೆ ಕಾಗದಪತ್ರವೇ ಕಣ್ಣು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ, ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಾಯಿತ ಪತ್ರವೇ ಬೇಕು. ಬರಿಯ ಮುಖ್ತ್ಯಾರನಾಮೆಯ ಮೇಲಿನ ‘ಮಾರಾಟ’ದಿಂದ ಒಡೆತನ ಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಸ್ಪಷ್ಟಪಡಿಸಿತು. ತಮ್ಮನಿಗೋ ಭಾವನಿಗೋ ಅಧಿಕಾರ ಕೊಡುವುದು ತಪ್ಪಲ್ಲ. ಅದು ನಮ್ಮ ಪರವಾಗಿ ಸಹಿ ಹಾಕುವಷ್ಟಕ್ಕೇ ಸೀಮಿತವಾಗಿರಲಿ, ಕ್ರಯಪತ್ರ ನಮ್ಮ ಹೆಸರಿಗೇ ಆಗಲಿ. ಮೂಲಪತ್ರಗಳು, ಋಣಭಾರ ಪತ್ರ, ಖಾತೆ, ಕಂದಾಯದ ರಸೀದಿ ಇವನ್ನು ವಕೀಲರು ನೋಡಿದ ಮೇಲೆಯೇ ಮುಂಗಡ ಕೊಡುವುದು ಲೇಸು. ಅನಿವಾಸಿಯು ಮನೆ ಕೊಳ್ಳಬಹುದು; ಅಡಿಕೆ ತೋಟ, ಗದ್ದೆಗಳನ್ನು ಕೊಳ್ಳಲು ವಿದೇಶಿ ವಿನಿಮಯದ ನಿಯಮಗಳು ಸಾಮಾನ್ಯವಾಗಿ ಬಿಡುವುದಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ.

ಬಂಧುತ್ವದಲ್ಲಿ ಲೆಕ್ಕ ಕೇಳುವುದು ಹೇಗೆಂದು ನಾವು ಸಂಕೋಚಪಡುತ್ತೇವೆ. ಆದರೆ ಬಂಧುತ್ವ ಕಡೆಗೆ ಮುರಿಯುವುದು ಲೆಕ್ಕ ಕೇಳಿದ್ದರಿಂದಲ್ಲ, ಬರೆದಿಡದೆ ಹೋದುದರಿಂದ. ನಮ್ಮ ಮಕ್ಕಳು ಆ ಮನೆಯಲ್ಲಿ ವಾಸಿಸುವರೋ ಇಲ್ಲವೋ ಕಾಲವೇ ಹೇಳಬೇಕು. ಅವರ ಕೈಗೆ ವ್ಯಾಜ್ಯವನ್ನಲ್ಲ, ಮನೆಯನ್ನು ಒಪ್ಪಿಸುವುದು ಮಾತ್ರ ನಮ್ಮ ಹೊಣೆ.