ಗಡಿಯಲ್ಲಿ ಎರಡು ಗಡಿಯಾರ: ಹಗಲು ಉಳಿತಾಯ ಸಮಯದ ಲಾಭ-ನಷ್ಟ

ಗಡಿ ದಾಟುವುದು ನಮಗೆ ಹೊಸತಲ್ಲ. ತಲಪಾಡಿ ದಾಟಿದರೆ ಬಸ್ಸಿನ ಬೋರ್ಡಿನ ಲಿಪಿ ಬದಲಾಗುತ್ತದೆ, ಮಕ್ಕಳ ಪಠ್ಯಪುಸ್ತಕ ಬೇರೆ, ರೇಷನ್ ಕಾರ್ಡು ಬೇರೆ, ಅರ್ಜಿ ಬರೆಯುವ ಭಾಷೆ ಬೇರೆ. ಅಕ್ಕಲಕೋಟೆಯವರಿಗೆ, ಹೊಸೂರಿನವರಿಗೆ, ತಾಳವಾಡಿಯವರಿಗೆ, ರಾಯದುರ್ಗದವರಿಗೆ ಈ ಅನುಭವ ಇದ್ದದ್ದೇ. ಆದರೆ ಕೈಯಲ್ಲಿರುವ ವಾಚಿಗೆ ಮಾತ್ರ ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಆಚೆಗೂ ಎಂಟು ಗಂಟೆ, ಈಚೆಗೂ ಎಂಟು ಗಂಟೆ.

ಹಾಗಲ್ಲದ ಗಡಿಯೊಂದು ಆಸ್ಟ್ರೇಲಿಯದಲ್ಲಿದೆ. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೂಲಂಗಟ್ಟ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯದ ಟ್ವೀಡ್ ಹೆಡ್ಸ್ ಹೆಸರಿಗೆ ಎರಡು ಊರು, ನೋಡಲು ಒಂದೇ ಊರು. ನಡುವೆ ಇರುವುದು ಒಂದು ಬೀದಿ, ಅದರ ಹೆಸರೇ ಬೌಂಡರಿ ಸ್ಟ್ರೀಟ್. ಪ್ರತಿವರ್ಷ ಅಕ್ಟೋಬರ್ ತಿಂಗಳ ಮೊದಲ ಭಾನುವಾರದಿಂದ ಏಪ್ರಿಲ್ ತಿಂಗಳ ಮೊದಲ ಭಾನುವಾರದವರೆಗೆ ಈ ಬೀದಿಯ ದಕ್ಷಿಣಕ್ಕೆ ಒಂದು ಸಮಯ, ಉತ್ತರಕ್ಕೆ ಇನ್ನೊಂದು ಸಮಯ. ಟ್ವೀಡ್ ಹೆಡ್ಸ್‌ನಲ್ಲಿ ಒಂಬತ್ತು ಗಂಟೆಗೆ ಅಂಗಡಿ ಬಾಗಿಲು ತೆರೆಯುವಾಗ ಎದುರಿನ ಕೂಲಂಗಟ್ಟದಲ್ಲಿ ಇನ್ನೂ ಎಂಟು ಗಂಟೆ. ಡಿಸೆಂಬರ್ 31ರ ರಾತ್ರಿ ಟ್ವೀಡ್ ಹೆಡ್ಸ್‌ನಲ್ಲಿ ಹೊಸವರ್ಷ ಆಚರಿಸಿ, ಬೀದಿ ದಾಟಿ ಕೂಲಂಗಟ್ಟಕ್ಕೆ ಹೋದರೆ ಗಂಟೆ ಕಳೆದು ಮತ್ತೊಮ್ಮೆ ಹೊಸವರ್ಷ. ಇದಕ್ಕೆಲ್ಲ ಕಾರಣ ಹಗಲು ಉಳಿತಾಯ ಸಮಯ, ಅಂದರೆ ಡೇಲೈಟ್ ಸೇವಿಂಗ್ ಟೈಮ್. ನ್ಯೂ ಸೌತ್ ವೇಲ್ಸ್ ಅದನ್ನು ಪಾಲಿಸುತ್ತದೆ, ಕ್ವೀನ್ಸ್‌ಲ್ಯಾಂಡ್ ಪಾಲಿಸುವುದಿಲ್ಲ.

ಮುಳ್ಳು ತಿರುಗಿಸುವುದು ಯಾಕೆ?

ಬೇಸಿಗೆಯಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ. ಜನ ಮಲಗಿರುವಾಗಲೇ ಬೆಳಕು ವ್ಯರ್ಥವಾಗುತ್ತದೆ, ಸಂಜೆ ಅದೇ ಜನ ದೀಪ ಹಚ್ಚಿ ಕೂರುತ್ತಾರೆ. ಗಡಿಯಾರವನ್ನೇ ಒಂದು ಗಂಟೆ ಮುಂದೆ ಇಟ್ಟರೆ ಎಲ್ಲರೂ ಬೇಗ ಎದ್ದು ಬೇಗ ಕೆಲಸ ಮುಗಿಸುತ್ತಾರೆ, ಸಂಜೆಯ ಬೆಳಕು ಕೈಗೆ ಸಿಗುತ್ತದೆ. ಇಷ್ಟೇ ಇದರ ಹಿಂದಿರುವ ಯೋಚನೆ. ಸಿಡ್ನಿಯಲ್ಲಿ ಅಕ್ಟೋಬರ್‌ನ ಆ ಭಾನುವಾರ ನಸುಕಿನ ಎರಡು ಗಂಟೆಗೆ ಗಡಿಯಾರ ಮೂರು ತೋರಿಸುತ್ತದೆ. ಆ ದಿನಕ್ಕೆ 23 ಗಂಟೆ. ಏಪ್ರಿಲ್‌ನಲ್ಲಿ ಮೂರಕ್ಕೆ ಹಿಂದೆ ತಿರುಗಿ ಎರಡಾಗುತ್ತದೆ. ಆ ದಿನಕ್ಕೆ 25 ಗಂಟೆ.

ಇದನ್ನು ಮೊದಲು ಗಂಭೀರವಾಗಿ ಮುಂದಿಟ್ಟವರಲ್ಲಿ ಒಬ್ಬ ಕೀಟಶಾಸ್ತ್ರಜ್ಞ. ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ 1895ರಲ್ಲಿ ಎರಡು ಗಂಟೆ ಮುಂದಿಡಬೇಕೆಂದು ಪ್ರಬಂಧ ಮಂಡಿಸಿದರು. ಇಂಗ್ಲೆಂಡಿನ ಕಟ್ಟಡ ನಿರ್ಮಾಪಕ ವಿಲಿಯಂ ವಿಲೆಟ್ 1907ರಲ್ಲಿ ಇದೇ ವಿಷಯವಾಗಿ ಕಿರುಹೊತ್ತಿಗೆ ಅಚ್ಚು ಹಾಕಿಸಿ, ವರ್ಷಗಟ್ಟಲೆ ಓಡಾಡಿ, ಫಲ ಕಾಣದೆ 1915ರಲ್ಲಿ ತೀರಿಕೊಂಡರು. ಮರುವರ್ಷವೇ, 1916ರ ಏಪ್ರಿಲ್ 30ರಂದು, ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಉಳಿಸಲು ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿ ಗಡಿಯಾರ ಮುಂದಿಟ್ಟವು. ಮೂರು ವಾರ ಕಳೆಯುವಷ್ಟರಲ್ಲಿ ಬ್ರಿಟನ್ ಕೂಡ ಮುಂದಿಟ್ಟಿತು.

ರೈತರ ಒತ್ತಾಯದಿಂದ ಇದು ಬಂತು ಎಂದು ಹಲವರು ನಂಬಿದ್ದಾರೆ. ವಾಸ್ತವ ತಿರುಗುಮುರುಗು. ಅಮೆರಿಕದಲ್ಲಿ 1918ರಲ್ಲಿ ಬಂದ ಈ ಪದ್ಧತಿಯನ್ನು ರೈತರ ವಿರೋಧದಿಂದಾಗಿಯೇ 1919ರಲ್ಲಿ, ಅಧ್ಯಕ್ಷ ವಿಲ್ಸನ್ ಅವರ ವೀಟೋವನ್ನೂ ಮೀರಿ, ಸಂಸತ್ತು ರದ್ದು ಮಾಡಿತು. ಹಸುವಿಗೆ ವಾಚು ಕಟ್ಟಲಾಗುವುದಿಲ್ಲವಲ್ಲ! ಹಾಲಿನ ಲಾರಿ ಒಂದು ಗಂಟೆ ಮೊದಲು ಬಂದು ನಿಂತರೆ ಕೆಚ್ಚಲು ಅದಕ್ಕಾಗಿ ತುಂಬಿರುವುದಿಲ್ಲ. ಇಬ್ಬನಿ ಆರುವ ಮುನ್ನ ಹುಲ್ಲು ಕೊಯ್ದು ಒಟ್ಟಲಾಗುವುದಿಲ್ಲ, ಆಳುಗಳು ಮಾತ್ರ ಗಡಿಯಾರ ನೋಡಿ ಮನೆಗೆ ಹೊರಡುತ್ತಾರೆ. ಹಾಲಿನ ಸೊಸೈಟಿಗೆ ಬೆಳಗಾಗುವ ಮುನ್ನ ಕ್ಯಾನು ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ವೀನ್ಸ್‌ಲ್ಯಾಂಡ್ ಬೇಡ ಎಂದದ್ದು

ಆಸ್ಟ್ರೇಲಿಯದಲ್ಲಿ ಯುದ್ಧಕಾಲ ಬಿಟ್ಟರೆ ಇದು ಮರಳಿ ಬಂದದ್ದು 1967ರಲ್ಲಿ, ಟಾಸ್ಮೇನಿಯಾದಲ್ಲಿ. ಅಲ್ಲಿ ವಿದ್ಯುತ್ತು ಜಲಾಶಯದ್ದು, ಆ ವರ್ಷ ಬರ. 1971ರಲ್ಲಿ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾಗಳ ಜೊತೆ ಕ್ವೀನ್ಸ್‌ಲ್ಯಾಂಡ್ ಕೂಡ ಗಡಿಯಾರ ಮುಂದಿಟ್ಟಿತು. ಒಂದೇ ಬೇಸಿಗೆಗೆ ಸಾಕೆನಿಸಿ ಬಿಟ್ಟಿತು. 1989ರಿಂದ ಮೂರು ಬೇಸಿಗೆ ಮತ್ತೆ ಪ್ರಯೋಗ ನಡೆದು, 1992ರ ಫೆಬ್ರವರಿ 22ರಂದು ಜನಮತಗಣನೆಯಾಯಿತು. ಶೇ. 54.5ರಷ್ಟು ಮಂದಿ ಬೇಡ ಎಂದರು.

ಯಾರು ಬೇಡ ಎಂದರು ಎಂಬುದೇ ಮುಖ್ಯ. ರಾಜಧಾನಿ ಬ್ರಿಸ್ಬೇನ್ ಮತ್ತು ಕರಾವಳಿಯ ಗೋಲ್ಡ್ ಕೋಸ್ಟ್ ಇರುವ ಆಗ್ನೇಯ ಮೂಲೆ ಬೇಕು ಎಂದಿತು. ಉತ್ತರ ಮತ್ತು ಪಶ್ಚಿಮದ ಊರುಗಳು ಬೇಡ ಎಂದವು. ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ ಎಂದು ನಗರದವರು ಗೇಲಿ ಮಾಡಿದ್ದುಂಟು. ಹೆಚ್ಚು ಬಿಸಿಲು ಬಿದ್ದು ಕಿಟಕಿ ಪರದೆಯ ಬಣ್ಣ ಮಾಸುತ್ತದೆ ಎಂದು ಹಳ್ಳಿಯವರು ಹೆದರುತ್ತಾರೆ ಎಂಬ ಚಟಾಕಿ ಅಲ್ಲಿ ಇಂದಿಗೂ ಓಡಾಡುತ್ತಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ಹಳ್ಳಿಯವರ ಮಾತಿಗೇ ತೂಕ.

ಡಿಸೆಂಬರ್ ಕೊನೆಯಲ್ಲಿ ಬ್ರಿಸ್ಬೇನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ 4.50ರ ಸುಮಾರಿಗೆ, ಮುಳುಗುವುದು ಸಂಜೆ 6.45ರ ಒಳಗೆ. ನಾಲ್ಕೂಮುಕ್ಕಾಲಕ್ಕೆ ಬೆಳಕಾದರೆ ನಗರದ ಜನಕ್ಕೆ ಏನು ಪ್ರಯೋಜನ? ಒಂದು ಗಂಟೆ ಸಂಜೆಗೆ ತಳ್ಳಿದರೆ ಸಮುದ್ರದ ದಂಡೆಗಾದರೂ ಹೋಗಬಹುದು. ಅದೇ ರಾಜ್ಯದ ಪಶ್ಚಿಮ ಅಂಚಿನ ಗಣಿ ಊರು ಮೌಂಟ್ ಐಸಾ ಹದಿಮೂರು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಅಲ್ಲಿ ಆ ಹೊತ್ತಿನಲ್ಲಿ ಸೂರ್ಯೋದಯ ಆರು ಗಂಟೆಗೆ, ಸೂರ್ಯಾಸ್ತ 7.20ಕ್ಕೆ. ಗಡಿಯಾರ ಮುಂದಿಟ್ಟರೆ ಅಲ್ಲಿ ರಾತ್ರಿ 8.20ರವರೆಗೆ ಬಿಸಿಲು. ನೆಲ ಕಾದು ಕೆಂಡವಾಗಿರುವಾಗಲೇ ಮಕ್ಕಳು ಶಾಲೆ ಬಿಟ್ಟು ಬರಬೇಕು, ತಂಪಾಗುವ ಮುನ್ನ ಮಲಗಬೇಕು. ಸೊಲ್ಲಾಪುರ, ಆದೋನಿಗಳ ಮೇ ತಿಂಗಳ ಬಿಸಿಲು ಕಂಡವರು ಹೇಳಲಿ, ಸಂಜೆ ಇನ್ನೊಂದು ಗಂಟೆ ಬಿಸಿಲು ಯಾರಿಗೆ ಬೇಕು?

ಗಡಿಯ ಊರಿಗೆ ಮಾತ್ರ ಈ ಎರಡು ವಾದಗಳಲ್ಲಿ ಯಾವುದು ಗೆದ್ದರೂ ಒಂದೇ, ಎರಡೂ ಕಡೆ ಒಂದೇ ಗೆಲ್ಲಬೇಕು ಅಷ್ಟೆ. ಮನೆ ಟ್ವೀಡ್ ಹೆಡ್ಸ್‌ನಲ್ಲಿ, ಕೆಲಸ ಗೋಲ್ಡ್ ಕೋಸ್ಟ್‌ನಲ್ಲಿ ಇರುವವರು ಸಾವಿರಾರು. ತಂದೆಯ ಕಚೇರಿ ಒಂದು ಸಮಯಕ್ಕೆ, ಮಗುವಿನ ಶಾಲೆ ಇನ್ನೊಂದು ಸಮಯಕ್ಕೆ. ಡಾಕ್ಟರ ಬಳಿ ಹತ್ತು ಗಂಟೆಗೆ ಬನ್ನಿ ಎಂದರೆ ‘ಯಾವ ಹತ್ತು?’ ಎಂದು ಕೇಳಬೇಕು. ಗೋಲ್ಡ್ ಕೋಸ್ಟ್ ವಿಮಾನ ನಿಲ್ದಾಣದ ರನ್‌ವೇ ಗಡಿಯನ್ನು ದಾಟಿ ಚಾಚಿಕೊಂಡಿದೆ, ನಿಲ್ದಾಣ ನಡೆಯುವುದು ಕ್ವೀನ್ಸ್‌ಲ್ಯಾಂಡ್ ಸಮಯದಲ್ಲಿ. ನ್ಯೂ ಸೌತ್ ವೇಲ್ಸ್ ಕಡೆಯಿಂದ ಹೊರಟವರು ಒಂದು ಗಂಟೆ ಮೊದಲೇ ಬಂದು ಕಾದರೆ ನಷ್ಟವಿಲ್ಲ. ಲೆಕ್ಕ ತಪ್ಪುವುದು ಬಂದಿಳಿದ ಮೇಲೆ, ಮುಂದಿನ ಬಸ್ಸು ಹಿಡಿಯುವಾಗ.

ಆಗ್ನೇಯ ಮೂಲೆಗೆ ಮಾತ್ರ ಹಗಲು ಉಳಿತಾಯ ಕೊಡಿ ಎಂದು 2010ರಲ್ಲಿ ಕ್ವೀನ್ಸ್‌ಲ್ಯಾಂಡ್ ಶಾಸನಸಭೆಯಲ್ಲಿ ಖಾಸಗಿ ಮಸೂದೆಯೊಂದು ಬಂತು, ಫಲಿಸಲಿಲ್ಲ. ಫಲಿಸಿದ್ದರೂ ಗಡಿ ಮಾಯವಾಗುತ್ತಿರಲಿಲ್ಲ. ಬೌಂಡರಿ ಸ್ಟ್ರೀಟಿನಿಂದ ಎದ್ದು ಒಳನಾಡಿನ ಇನ್ಯಾವುದೋ ಊರಿನ ನಡುವೆ ಕೂರುತ್ತಿತ್ತು.

ಮೆಕ್ಸಿಕೋ ಇದಕ್ಕೆ ತನ್ನದೇ ದಾರಿ ಹುಡುಕಿತು. 2022ರ ಅಕ್ಟೋಬರ್‌ನಲ್ಲಿ ದೇಶದ ಬಹುಪಾಲು ಕಡೆ ಹಗಲು ಉಳಿತಾಯ ಸಮಯವನ್ನು ಅದು ಕೈಬಿಟ್ಟಿತು. ಆದರೆ ಅಮೆರಿಕಕ್ಕೆ ಅಂಟಿಕೊಂಡಿರುವ ತಿಹ್ವಾನದಂಥ ಗಡಿ ಊರುಗಳಿಗೆ ವಿನಾಯಿತಿ ಕೊಟ್ಟಿತು. ತಿಹ್ವಾನದವರು ಪಕ್ಕದ ಸ್ಯಾನ್ ಡಿಯಾಗೋದ ಜೊತೆಗೇ ಮುಳ್ಳು ತಿರುಗಿಸುತ್ತಾರೆ. ರಾಜಧಾನಿಯಲ್ಲಿ ಕೂತವರು ಗಡಿಯವರ ದಿನಚರಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಅಪರೂಪದ ಉದಾಹರಣೆ ಎಂದು ನನಗನ್ನಿಸುತ್ತದೆ.

ವಿದ್ಯುತ್ ಉಳಿಯಿತೇ?

ಲಾಂದ್ರ ಮತ್ತು ಬಲ್ಬುಗಳ ಕಾಲದಲ್ಲಿ ಉಳಿದಿರಬಹುದು. ಈಗ ಮನೆಯ ಬಿಲ್ಲು ಏರಿಸುವುದು ಬಲ್ಬಲ್ಲ, ಏಸಿ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 2006ರವರೆಗೆ ಹೆಚ್ಚಿನ ಕೌಂಟಿಗಳು ಗಡಿಯಾರ ಬದಲಿಸುತ್ತಿರಲಿಲ್ಲ, ಆ ವರ್ಷದಿಂದ ರಾಜ್ಯವಿಡೀ ಬದಲಿಸತೊಡಗಿತು. ಮೊದಲಿನ ಮತ್ತು ನಂತರದ ಬಿಲ್ಲುಗಳನ್ನು ಹೋಲಿಸಿದ ಮ್ಯಾಥ್ಯೂ ಕೋಚೆನ್ ಮತ್ತು ಲಾರಾ ಗ್ರಾಂಟ್ ಎಂಬ ಅರ್ಥಶಾಸ್ತ್ರಜ್ಞರು ಮನೆಬಳಕೆಯ ವಿದ್ಯುತ್ ಸುಮಾರು ಶೇ. 1ರಷ್ಟು ಹೆಚ್ಚಾಯಿತೆಂದು ಕಂಡರು. ದೀಪದಲ್ಲಿ ಉಳಿದದ್ದು ಏಸಿಗೆ, ಹೀಟರಿಗೆ ಹೋಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ಗಾಗಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ಎರಡು ತಿಂಗಳು ಮೊದಲೇ ಗಡಿಯಾರ ಮುಂದಿಟ್ಟಿದ್ದವು. ಆ ಕಾಲದ ಅಂಕಿ ಅಂಶಗಳನ್ನು ಪರಿಶೀಲಿಸಿದಾಗಲೂ ಸಂಜೆ ಉಳಿದದ್ದು ಬೆಳಗಿನ ಕತ್ತಲಲ್ಲಿ ಖರ್ಚಾಗಿತ್ತು.

ಇದಕ್ಕೆ ವಿರುದ್ಧವಾದ ಲೆಕ್ಕವೂ ಇದೆ. ಅಮೆರಿಕ 2007ರಿಂದ ಹಗಲು ಉಳಿತಾಯದ ಅವಧಿಯನ್ನು ಸುಮಾರು ನಾಲ್ಕು ವಾರ ಹಿಗ್ಗಿಸಿತು. ಆ ಹೆಚ್ಚುವರಿ ದಿನಗಳಲ್ಲಿ ದಿನಕ್ಕೆ ಶೇ. 0.5ರಷ್ಟು ವಿದ್ಯುತ್ ಉಳಿದಿದೆ ಎಂದು ಅಲ್ಲಿನ ಇಂಧನ ಇಲಾಖೆ 2008ರಲ್ಲಿ ವರದಿ ಕೊಟ್ಟಿತು. ಒಟ್ಟಿನಲ್ಲಿ ಉಳಿದರೂ ಚೂರು, ಕಳೆದರೂ ಚೂರು.

ನಿಜವಾದ ಲಾಭ ಇರುವುದು ಸಂಜೆಯ ಬೆಳಕಿನಲ್ಲಿ. ಕೆಲಸ ಬಿಟ್ಟ ಮೇಲೆ ಆಟ, ನಡಿಗೆ, ವ್ಯಾಪಾರ. ಕಚೇರಿಯಿಂದ ಮರಳುವ ದಟ್ಟಣೆಯ ಹೊತ್ತಿನಲ್ಲಿ ರಸ್ತೆಯಲ್ಲಿ ಬೆಳಕಿರುವುದು ಕಾಲ್ನಡಿಗೆಯವರಿಗೆ ಒಳ್ಳೆಯದು. 1980ರ ದಶಕದಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಇನ್ನಷ್ಟು ವಾರ ಕೊಡಿ ಎಂದು ಕೇಳಿದವರಲ್ಲಿ ಗಾಲ್ಫ್ ಉದ್ಯಮದವರು ಮುಂಚೂಣಿಯಲ್ಲಿದ್ದರು ಎಂಬುದನ್ನೂ ನೆನಪಿಡಬೇಕು.

ನಷ್ಟ ಹೆಚ್ಚು ಕಾಣುವುದು ಮುಳ್ಳು ಮುಂದೆ ತಿರುಗಿದ ವಾರದಲ್ಲಿ. ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ವಾರ ಹೃದಯಾಘಾತಗಳು ಸುಮಾರು ಶೇ. 5ರಷ್ಟು ಹೆಚ್ಚು. ಅಮೆರಿಕದಲ್ಲಿ ಅದೇ ವಾರ ಸಾವು ತರುವ ರಸ್ತೆ ಅಪಘಾತಗಳು ಸುಮಾರು ಶೇ. 6ರಷ್ಟು ಏರುತ್ತವೆ ಎಂದು 2020ರ ಅಧ್ಯಯನ ಹೇಳಿತು. ಒಂದೇ ಗಂಟೆಯ ನಿದ್ದೆ, ಆದರೆ ದೇಶದ ಎಲ್ಲರದ್ದೂ ಒಂದೇ ರಾತ್ರಿ ಹೋಗುತ್ತದೆ.

ಹಾಗಾದರೆ ವರ್ಷವಿಡೀ ಮುಂದೆಯೇ ಇಟ್ಟರಾಯಿತಲ್ಲ ಎನ್ನಬಹುದು. ಅಮೆರಿಕ 1974ರ ಜನವರಿಯಲ್ಲಿ ಹಾಗೆ ಮಾಡಿತು. ಚಳಿಗಾಲದ ಬೆಳಗ್ಗೆ ಮಕ್ಕಳು ಕತ್ತಲಲ್ಲಿ ಶಾಲೆಗೆ ಹೊರಡುವಂತಾಗಿ ಅದೇ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ರಷ್ಯಾ 2011ರಲ್ಲಿ ಇದನ್ನೇ ಮಾಡಿ 2014ರಲ್ಲಿ ಹಿಂದೆ ಸರಿಯಿತು. ಯುರೋಪಿನ ಸಂಸತ್ತು 2019ರಲ್ಲಿ ಮುಳ್ಳು ತಿರುಗಿಸುವುದನ್ನೇ ನಿಲ್ಲಿಸಲು ಮತ ಹಾಕಿತು. ಸದಸ್ಯ ದೇಶಗಳು ಒಮ್ಮತಕ್ಕೆ ಬಾರದೆ ಆ ತೀರ್ಮಾನ ಜಾರಿಯಾಗಿಲ್ಲ. ನೆರೆಯ ದೇಶ ಬೇರೆ ಸಮಯ ಆರಿಸಿಕೊಂಡರೆ ಗತಿಯೇನು ಎಂಬ ಅಳುಕೂ ಅಲ್ಲಿದೆ.

ನಮ್ಮಲ್ಲಿ

ಭಾರತವೂ ಒಮ್ಮೆ ಗಡಿಯಾರ ಮುಂದಿಟ್ಟಿತ್ತು. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ನಮ್ಮ ಸಮಯ ಒಂದು ಗಂಟೆ ಮುಂದಿತ್ತು. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ತಲಪಾಡಿಯಲ್ಲಿ ರಾಜ್ಯದ ಗಡಿಯೇ ಇರಲಿಲ್ಲ.

ಮತ್ತೆ ಬೇಕೇ ಎಂದರೆ, ನಮ್ಮ ಭಾಗಕ್ಕೆ ಬೇಡ. ಲಂಡನ್ನಿನಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂಬತ್ತು ಗಂಟೆಯಷ್ಟು ಅಂತರವಿದೆ. ಕಾಸರಗೋಡಿನಲ್ಲಿ ಆ ಅಂತರ ಸುಮಾರು ಒಂದೂವರೆ ಗಂಟೆ, ಸೊಲ್ಲಾಪುರದಲ್ಲಿ ಎರಡು ಗಂಟೆಗೆ ತುಸು ಹೆಚ್ಚು. ಜೂನ್‌ನಲ್ಲಿ ಕಾಸರಗೋಡಿನ ಸೂರ್ಯೋದಯ 6.05ರ ಆಸುಪಾಸು. ಉಳಿಸಿಕೊಳ್ಳಲು ಅಲ್ಲಿ ವ್ಯರ್ಥವಾಗುವ ಬೆಳಕೇ ಇಲ್ಲ.

ಅಸ್ಸಾಮಿನ ಕಥೆ ಬೇರೆ. ದೇಶದ ಪೂರ್ವ ತುದಿಗೂ ಪಶ್ಚಿಮ ತುದಿಗೂ ಸೂರ್ಯೋದಯದಲ್ಲಿ ಸುಮಾರು ಎರಡು ಗಂಟೆ ಅಂತರವಿದೆ. ಅಲ್ಲಿನ ಚಹಾ ತೋಟಗಳು ಹಿಂದಿನಿಂದಲೂ ಒಂದು ಗಂಟೆ ಮುಂದಿನ ‘ಬಾಗಾನ್ ಟೈಮ್’ ಇಟ್ಟುಕೊಂಡಿವೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ದೇಶಕ್ಕೆ ಎರಡು ಸಮಯ ವಲಯ ಸೂಚಿಸಿ, ಗೆರೆಯನ್ನು ಬಂಗಾಳ-ಅಸ್ಸಾಮ್ ಗಡಿಯಲ್ಲಿ ಎಳೆದರು. ರೈಲು ಹಾದುಹೋಗುವ ಅಲ್ಲಿನ ಪಟ್ಟಿ ಕಿರಿದು, ಸಿಗ್ನಲ್ ಗೊಂದಲ ಕಡಿಮೆ ಎಂಬುದು ಅವರ ಒಂದು ಕಾರಣ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ, ಡಿ.ಪಿ. ಸೆನ್‌ಗುಪ್ತ ಮತ್ತಿತರರು 2007ರಲ್ಲಿ ಬೇರೆ ದಾರಿ ತೋರಿಸಿದ್ದರು: ದೇಶವಿಡೀ ಒಂದೇ ಬಾರಿ, ಶಾಶ್ವತವಾಗಿ, ಅರ್ಧ ಗಂಟೆ ಮುಂದಿಡುವುದು. ಸಂಜೆಯ ವಿದ್ಯುತ್ ಬೇಡಿಕೆ ತಗ್ಗುತ್ತದೆ, ಒಳಗಡಿಯೂ ಹುಟ್ಟುವುದಿಲ್ಲ. ಎರಡೂ ಜಾರಿಗೆ ಬಂದಿಲ್ಲ. ಎರಡರಲ್ಲಿ ಒಂದನ್ನು ಆರಿಸು ಎಂದರೆ ಗಡಿಯವನಾದ ನಾನು ಅರ್ಧ ಗಂಟೆಯನ್ನೇ ಆರಿಸುತ್ತೇನೆ. ಅಲಿಪುರ್‌ದುವಾರ್‌ನವರಿಗೂ ಕೊಕ್ರಝಾರ್‌ನವರಿಗೂ ‘ಯಾವ ಹತ್ತು?’ ಎಂದು ಕೇಳುವ ಪಾಡು ಬರಬಾರದು.

ಪರದೇಶದಲ್ಲಿ ಮಕ್ಕಳಿರುವವರಿಗೆ ಕೊನೆಯದಾಗಿ ಒಂದು ಲೆಕ್ಕ. ದುಬೈ, ಸೌದಿ, ಕತಾರ್ ಸೇರಿದಂತೆ ಗಲ್ಫ್ ದೇಶಗಳು ಗಡಿಯಾರ ಬದಲಿಸುವುದಿಲ್ಲ. ದುಬೈ ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ. ಲಂಡನ್ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳು ಐದೂವರೆ. ನ್ಯೂಯಾರ್ಕ್ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಒಂಬತ್ತೂವರೆ, ಆಮೇಲೆ ಹತ್ತೂವರೆ. ಸಿಡ್ನಿ, ಮೆಲ್ಬರ್ನ್ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಮಗಿಂತ ಐದೂವರೆ ಗಂಟೆ ಮುಂದೆ, ಉಳಿದಂತೆ ನಾಲ್ಕೂವರೆ. ಬ್ರಿಸ್ಬೇನ್ ಮಾತ್ರ ಯಾವಾಗಲೂ ನಾಲ್ಕೂವರೆಯೇ. ಆ ದೇಶಗಳಲ್ಲಿ ರಾಹುಕಾಲ ನೋಡುವವರು ಊರಿನ ಕ್ಯಾಲೆಂಡರಿನ ಪಟ್ಟಿಯನ್ನು ಹಾಗೆಯೇ ಹಿಡಿಯಬಾರದು. ಅದು ಆರು ಗಂಟೆಗೆ ಸೂರ್ಯ ಹುಟ್ಟುತ್ತಾನೆಂಬ ಲೆಕ್ಕದ್ದು. ಆಯಾ ಊರಿನ ಸೂರ್ಯೋದಯದಿಂದಲೇ ಎಣಿಸಬೇಕು, ಮುಳ್ಳು ತಿರುಗಿಸಿದ್ದನ್ನೂ ಸೇರಿಸಿ.