ಬಂಡೆಯ ಸದ್ದು ಬಲ್ಲವರು

ಗಣಿಗೆ ನುರಿತ ಕೆಲಸಗಾರರು ಸಿಗುತ್ತಿಲ್ಲ ಅಂತ ಒಡೆಯರು ಗೋಳಾಡುವುದು ಇವತ್ತಿನದಲ್ಲ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನಕ್ಕೆ ಕೈ ಹಾಕಿದಾಗಲೂ ಇದೇ ರಾಗ. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಆಗ ತಾಮ್ರದ ಗಣಿಗಳು ಮುಚ್ಚುತ್ತಿದ್ದವು. ಹೊಟ್ಟೆಗಿಲ್ಲದ ಅಲ್ಲಿನ ಗಣಿಗಾರರು ಹಡಗು ಹತ್ತಿ ಬಂದರು. ಅವರೂ ಬಡವರೇ; ಇಲ್ಲಿ ಇಳಿದ ಕೂಡಲೇ ದೊರೆಗಳಾದರು. ಮೇಲ್ವಿಚಾರಣೆ, ಬಂಗಲೆ, ಕ್ಲಬ್ಬು ಬಿಳಿಯರಿಗೆ. ಉತ್ತರ ಆರ್ಕಾಟು, ಚಿತ್ತೂರು ಕಡೆಯ ಹೊಲಗೇರಿಗಳಿಂದ ಬಂದ ನಮ್ಮ ಜನಕ್ಕೆ ಬಿದಿರು ತಟ್ಟಿಯ ಗುಡಿಸಲು, ಮೇಲೆ 'ಕೂಲಿ' ಅನ್ನೋ ಹೆಸರು.

ಕೌಶಲ್ಯ ಅಂದರೇನು ಸ್ವಾಮಿ? ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯಿತು. ಅಲ್ಲಿ ಬಂಡೆಯ ಶಾಖವೇ ಸುಮಾರು 65 ಡಿಗ್ರಿ ಸೆಂಟಿಗ್ರೇಡ್. ಒತ್ತಡ ತಾಳದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. 'ಏರ್ ಬ್ಲಾಸ್ಟ್' ಅಂತ ಅದಕ್ಕೆ ಹೆಸರು. ಹಳಬನಾದ ಗಣಿಗಾರ ಹಾರೆಯಿಂದ ನೆತ್ತಿಯ ಬಂಡೆಯನ್ನು ತಟ್ಟಿ ನೋಡುತ್ತಾನೆ. ಗಟ್ಟಿ ಸದ್ದು ಬಂದರೆ ಕೆಲಸ, ಟೊಳ್ಳು ಸದ್ದು ಬಂದರೆ ಹಿಂದಕ್ಕೆ. ಎಲ್ಲಿ ಮರದ ಆಸರೆ ಕೊಡಬೇಕು, ಮದ್ದಿಗೆ ತೂತು ಎಷ್ಟು ಓರೆ ಇರಬೇಕು ಅನ್ನೋದು ಕೈಗೆ ಹತ್ತುವುದಕ್ಕೆ ವರ್ಷಗಳು ಬೇಕು. ಈ ವಿದ್ಯೆಗೆ ಸರ್ಟಿಫಿಕೇಟು ಇರಲಿಲ್ಲ. ಸರ್ಟಿಫಿಕೇಟು ಇಲ್ಲದ್ದು ವಿದ್ಯೆಯೇ ಅಲ್ಲ ಅಂತ ಲೆಕ್ಕ. ಊರಲ್ಲಿ ಚರ್ಮ ಹದಮಾಡುವವನಿಗೂ ಇದೇ ಲೆಕ್ಕ ಹಾಕಿದ್ದರಲ್ಲವೇ?

ಕೆಲಸದಲ್ಲಿ ತೃಪ್ತಿ ಇತ್ತೇ ಅಂತ ಕೇಳುವವರಿಗೆ 1930 ಉತ್ತರ ಹೇಳುತ್ತೆ. ಗಣಿಗಾರರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕೆಂದು ಕಂಪನಿ ಹೊರಟಿತು. ನಾವೇನು ಕಳ್ಳರೇ ಅಂದರು ಜನ. ಹತ್ತಾರು ಸಾವಿರ ಮಂದಿ 21 ದಿನ ಗಣಿಗೆ ಇಳಿಯಲಿಲ್ಲ. ಸರಿಯಾದ ಸಂಘ ಕೂಡ ಇರದ ಕಾಲ ಅದು. ಆ ಮುಷ್ಕರ ಎದ್ದದ್ದು ಬರೀ ಕೂಲಿಗಾಗಿ ಅಲ್ಲ, ಮಾನಕ್ಕಾಗಿ. ಕಂಪನಿಯೇ ಬಗ್ಗಬೇಕಾಯಿತು.

1956ರಲ್ಲಿ ಗಣಿ ಮೈಸೂರು ಸರ್ಕಾರಕ್ಕೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಬೋರ್ಡು ಬದಲಾಯಿತು, ಎದೆಗೆ ಇಳಿಯುವ ಕಲ್ಲಿನ ಧೂಳು ಬದಲಾಗಲಿಲ್ಲ. ಸಿಲಿಕೋಸಿಸ್ ಅನ್ನೋ ಇಂಗ್ಲಿಷ್ ಪದ ಅಕ್ಷರ ಬಾರದ ಅಜ್ಜಿಯರ ಬಾಯಿಗೂ ಬಂತು. ಅಷ್ಟಾದರೂ ಮಗ ಅಪ್ಪನ ಹಿಂದೆಯೇ ಗಣಿಗೆ ಇಳಿದ. ಅದಕ್ಕೆ ಬಡತನ ಕಾರಣ, ಸುಳ್ಳಲ್ಲ. ಆದರೆ ಊರಿನ ಗೌಡನಿಗೆ ತಲೆ ತಗ್ಗಿಸಬೇಕಿಲ್ಲ, ತಿಂಗಳಿಗೆ ಸಂಬಳ, ಮಕ್ಕಳಿಗೆ ಸ್ಕೂಲು ಎಂಬುದೂ ಇತ್ತು. ಹೊಲಗೇರಿಯಿಂದ ಬಂದವನಿಗೆ ಅದು ಸಣ್ಣದಲ್ಲ.

1988ರಲ್ಲಿ ಬಂಡೆಯ ಗುಣ ಅಭ್ಯಾಸ ಮಾಡಲು ಒಂದು ರಾಷ್ಟ್ರೀಯ ಸಂಸ್ಥೆ ಅದೇ ಊರಲ್ಲಿ ಶುರುವಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಮಾರಿಕುಪ್ಪಂನಿಂದ ಕತ್ತಲಲ್ಲೇ ಹೊರಡುವ ರೈಲು ತುಂಬತೊಡಗಿತು. ತಟ್ಟಿ ನೋಡಿ ಬಂಡೆಯ ಮನಸ್ಸು ಹೇಳುವವರ ಮನೆಗಳ ಗಂಡುಮಕ್ಕಳು, ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ ಗೇಟು ಕಾಯಲು, ಗಾರೆ ಹೊರಲು, ಕಸ ಗುಡಿಸಲು ಹೋದರು. ಅಲ್ಲಿ ಅವರ ಹೆಸರಿನ ಮುಂದೆ ಮತ್ತೆ ಅದೇ ಮಾತು ಬರೆದುಕೊಂಡರು: ಅನ್‌ಸ್ಕಿಲ್ಡ್.