ಮೀನು ಸಾಗಣೆ ಹಡಗುಗಳ ವರದಿ ಹೊಣೆ

ತೆರೆದ ಸಮುದ್ರದಲ್ಲಿ ಮೀನುಗಾರಿಕೆ ಹಡಗುಗಳಿಂದ ಮೀನನ್ನು ಪಡೆದು ಬಂದರಿಗೆ ಒಯ್ಯುವ ಶೀತಲೀಕೃತ ಹಡಗುಗಳು ಒದಗಿಸಲೇಬೇಕಾದ ಮಾಹಿತಿಗೆ ಸಂಬಂಧಿಸಿದ ನಿಯಮಗಳಿವು. ಹಿಡಿದ ಹಡಗು ಬಂದರಿಗೇ ಬಾರದಿದ್ದಾಗ ಕದ್ದು ಹಿಡಿದ ಮೀನು ಸಕ್ರಮ ಸರಕಿನಲ್ಲಿ ಬೆರೆತುಹೋಗುವುದು ಸುಲಭ. ಈ ನಿಯಮಗಳ ಅಗತ್ಯ ಹುಟ್ಟಿದ್ದು ಅಲ್ಲಿಂದಲೇ.

ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್ ಮೀನುಗಾರಿಕಾ ಆಯೋಗವು 2009ರಲ್ಲಿ ಅಂಗೀಕರಿಸಿದ ಕ್ರಮದ ಪ್ರಕಾರ, ತೆರೆದ ಸಮುದ್ರದಲ್ಲಿ ಮೀನು ವರ್ಗಾಯಿಸುವ 36 ಗಂಟೆ ಮೊದಲೇ ಆಯೋಗಕ್ಕೆ ಸೂಚನೆ ಹೋಗಬೇಕು. ಮುಗಿದ 15 ದಿನಗಳೊಳಗೆ ಘೋಷಣಾ ಪತ್ರ ತಲುಪಬೇಕು. ಕೊಟ್ಟ ಹಡಗು, ಪಡೆದ ಹಡಗು, ವರ್ಗಾವಣೆಯ ದಿನ ಮತ್ತು ಸ್ಥಳ, ಮೀನಿನ ಜಾತಿ, ಪ್ರಮಾಣ, ಇಡಿಯದೋ ತಲೆ ತೆಗೆದದ್ದೋ ಎಂಬ ವಿವರ ಎಲ್ಲವೂ ಅದರಲ್ಲಿರಬೇಕು. ಟ್ಯೂನಾ ಲೆಕ್ಕಕ್ಕೆ ಈ ಕೊನೆಯ ವಿವರ ಬಹಳ ಮುಖ್ಯ: ತಲೆ, ಕರುಳು ತೆಗೆದ ಮೀನಿನ ತೂಕದಿಂದಲೇ ಮೂಲ ತೂಕವನ್ನು ಅಂದಾಜಿಸಬೇಕಾಗುತ್ತದೆ.

ಭಾರತ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗ ಸಾಗಣೆ ಹಡಗಿನ ಘೋಷಣೆಯನ್ನು ವರ್ಗಾವಣೆ ಮುಗಿದ 24 ಗಂಟೆಯೊಳಗೇ ಕೇಳುತ್ತದೆ. ಸರಕು ಇನ್ನೂ ಹಡಗಿನಲ್ಲಿರುವಾಗಲೇ ತಾಳೆ ನೋಡಲು ಅವಕಾಶವಿರುವುದರಿಂದ ಇದೇ ಹೆಚ್ಚು ಪರಿಣಾಮಕಾರಿ. ಎರಡೂ ಆಯೋಗಗಳಲ್ಲಿ ವರ್ಗಾವಣೆಯನ್ನು ಗಮನಿಸುವ ವೀಕ್ಷಕರ ವ್ಯವಸ್ಥೆಯಿದೆ. ಇಂಥ ವರ್ಗಾವಣೆಯ ಬಗ್ಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೊರತಂದ 2022ರ ಮಾರ್ಗಸೂಚಿ ಮಾತ್ರ ಐಚ್ಛಿಕವಾದದ್ದು.